ನೋಡಿದ್ದು ನೆನಪಲ್ಲಿ ಉಳಿಯೋಕೆ ಆಟ ಆಡಿದ್ರೆ ಸಾಕಾ?

ಮೈಸೂರಿನವರಿಗೆ ಒಂದು ಪ್ರಶ್ನೆ. ದೊಡ್ಡ ಗಡಿಯಾರದಲ್ಲಿ ಗಂಟೆ ತೋರಿಸುವ ಅಂಕಿಗಳು ಯಾವ ಲಿಪಿಯಲ್ಲಿವೆ? ಇಂಗ್ಲಿಷಾ, ರೋಮನ್ನಾ, ಕನ್ನಡವಾ? ಫೋನಿನಲ್ಲಿ ಫೋಟೊ ಹುಡುಕದೆ ಹೇಳಿ.

ಚಿತ್ರಕಲೆ ಕಲಿಯಲು ನನ್ನ ಮನೆಗೆ ಬರುವ ಮಕ್ಕಳಿಗೂ, ಅವರನ್ನು ಬಿಡಲು ಬರುವ ಅಪ್ಪ ಅಮ್ಮಂದಿರಿಗೂ ಈ ಪ್ರಶ್ನೆ ಕೇಳುತ್ತಿರುತ್ತೇನೆ. ಹುಟ್ಟಿದಾಗಿನಿಂದ ಇದೇ ಊರಲ್ಲಿ ಇರುವವರು, ದಿನಾ ಆ ಗೋಪುರದ ಪಕ್ಕದಲ್ಲೇ ಬಸ್ ಹತ್ತುವವರು ಕೂಡ ತಡವರಿಸುತ್ತಾರೆ. ಅಲ್ಲಿರುವುದು ಕನ್ನಡ ಅಂಕಿಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬಕ್ಕೆ 1927ರಲ್ಲಿ ಕಟ್ಟಿದ ಗೋಪುರ ಅದು. ಇಷ್ಟು ವರ್ಷ ಕಣ್ಣಿಗೆ ಬೀಳುತ್ತಲೇ ಇದ್ದರೂ ಅಂಕಿ ಮಾತ್ರ ತಲೆಗೆ ಹೋಗಿರುವುದಿಲ್ಲ.

ಇದು ನಮ್ಮ ಊರಿನವರ ಕಥೆ ಮಾತ್ರ ಅಲ್ಲ. 1979ರಲ್ಲಿ ಅಮೆರಿಕದ ನಿಕರ್ಸನ್ ಮತ್ತು ಆಡಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿನ ಜನಕ್ಕೆ ಒಂದು ಸೆಂಟ್ ನಾಣ್ಯವನ್ನು ನೆನಪಿನಿಂದ ಬರೆಯಲು ಹೇಳಿದರು. ದಿನಾ ಕೈಯಲ್ಲಿ ಓಡಾಡುವ ನಾಣ್ಯ. ಹೆಚ್ಚಿನವರಿಗೆ ಸರಿಯಾಗಿ ಬರೆಯಲು ಆಗಲಿಲ್ಲ. ಮುಖ ಯಾವ ಕಡೆ ತಿರುಗಿದೆ, ಅಕ್ಷರ ಎಲ್ಲಿದೆ, ಎಲ್ಲಾ ಅದಲು ಬದಲು. ನಾಣ್ಯ ಅಂತ ಗುರುತು ಹಿಡಿಯುವುದಕ್ಕೆ ಬಣ್ಣ, ಅಳತೆ ಸಾಕು. ಅದಕ್ಕಿಂತ ಜಾಸ್ತಿ ನೋಡುವ ಅವಶ್ಯಕತೆ ಯಾರಿಗೂ ಬಂದಿರಲಿಲ್ಲ.

ಇದನ್ನೆಲ್ಲ ಹೇಳಲು ಕಾರಣ ಇದೆ. ಇತ್ತೀಚೆಗೆ ಪೋಷಕರು ನನ್ನನ್ನು ಕೇಳುವ ಪ್ರಶ್ನೆ ಬದಲಾಗಿದೆ. ಮೊದಲು "ಮಿಸ್, ಯಾವ ಕಲರ್ ಬಾಕ್ಸ್ ತಗೊಳ್ಳಲಿ?" ಅನ್ನುತ್ತಿದ್ದರು. ಈಗ "ಮಿಸ್, ನೋಡಿದ್ದು ತಲೇಲಿ ನಿಲ್ಲೋದಿಲ್ಲ ಇವನಿಗೆ, ಮೆಮೊರಿ ಗೇಮ್ ಯಾವುದಾದ್ರೂ ಹಾಕಿಕೊಡ್ಲಾ?" ಅನ್ನುತ್ತಾರೆ. ಆತಂಕ ನಿಜವಾದದ್ದು. ಅದಕ್ಕೆ ಸುಮ್ನೆ ಹೂಂ ಅಂದು ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಈ ಆಟಗಳನ್ನು ನಾನೂ ಆಡುತ್ತೇನೆ, ಇಷ್ಟಪಟ್ಟು ಆಡುತ್ತೇನೆ. ಅವುಗಳಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ವಿವರವಾಗಿ ಬರೆದಿಡೋಣ ಅನ್ನಿಸಿತು.

ಆನ್‌ಲೈನಿನಲ್ಲಿ ಸಿಗುವ ಇಂಥ ಆಟಗಳಲ್ಲಿ ಹೆಚ್ಚಿನವು ಎರಡು ಮೂರು ಬಗೆಯವು. ಒಂದು, ಮಗುಚಿಟ್ಟ ಇಸ್ಪೀಟಿನಂಥ ಎಲೆಗಳಲ್ಲಿ ಜೋಡಿ ಹುಡುಕುವುದು. ಇನ್ನೊಂದು, ಚೌಕಮಣೆ. ಪರದೆ ಮೇಲೆ ಮೂರಕ್ಕೆ ಮೂರು ಮನೆ ಬರುತ್ತದೆ, ಕೆಲವು ಮನೆ ಒಂದು ಕ್ಷಣ ಬೆಳಗಿ ಆರುತ್ತವೆ, ಬೆಳಗಿದ ಮನೆಗಳನ್ನು ಮುಟ್ಟಿ ತೋರಿಸಬೇಕು. ಗೆದ್ದ ಹಾಗೆಲ್ಲ ಮನೆ ಜಾಸ್ತಿಯಾಗುತ್ತದೆ. ಮತ್ತೊಂದು, ಮನೆಗಳು ಒಂದಾದ ಮೇಲೊಂದು ಬೆಳಗುವ ಆಟ, ಅದೇ ಕ್ರಮದಲ್ಲಿ ಮುಟ್ಟಬೇಕು. ಇದರ ಮೂಲ ತುಂಬಾ ಹಳೆಯದು. ಕೆನಡಾದ ಫಿಲಿಪ್ ಕೋರ್ಸಿ 1972ರಲ್ಲಿ ಒಂದು ಹಲಗೆಯ ಮೇಲೆ ಒಂಬತ್ತು ಮರದ ತುಂಡು ಅಂಟಿಸಿ, ರೋಗಿಗಳ ನೆನಪು ಅಳೆಯಲು ಮಾಡಿಕೊಂಡ ಪರೀಕ್ಷೆ ಅದು. ಇವತ್ತು ಅದೇ ಫೋನಿನಲ್ಲಿ ಆಟವಾಗಿದೆ.

ಅಂಕಿಗಳ ಆಟವೂ ಒಂದಿದೆ. ಒಂದರಿಂದ ಒಂಬತ್ತು ಚದುರಿ ಕಾಣಿಸಿ ಮುಚ್ಚಿಹೋಗುತ್ತವೆ, ಏರಿಕೆ ಕ್ರಮದಲ್ಲಿ ಮುಟ್ಟುತ್ತಾ ಹೋಗಬೇಕು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಆಯುಮು ಅನ್ನುವ ಚಿಂಪಾಂಜಿ ಇದನ್ನು ಎಷ್ಟು ಸರಾಗವಾಗಿ ಆಡುತ್ತಿತ್ತು ಅಂದರೆ, ಅಂಕಿಗಳು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಕಂಡಾಗ ವಿದ್ಯಾರ್ಥಿಗಳು ಅದಕ್ಕೆ ಸೋತರು. 2007ರಲ್ಲಿ ಈ ಸುದ್ದಿ ದೊಡ್ಡದಾಗಿತ್ತು. ಆದರೆ 2009ರಲ್ಲಿ ಬೇರೆ ಸಂಶೋಧಕರು ಮನುಷ್ಯರಿಗೂ ಅದರಷ್ಟೇ ಅಭ್ಯಾಸ ಮಾಡಿಸಿ ನೋಡಿದರು. ಅಭ್ಯಾಸ ಆದ ಮೇಲೆ ಮನುಷ್ಯರೂ ಆಯುಮುವಿನ ಮಟ್ಟ ಮುಟ್ಟಿದರು. ಅಭ್ಯಾಸದಿಂದ ಸುಧಾರಣೆ ಆಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಏನು ಸುಧಾರಿಸಿತು ಅನ್ನುವುದೇ ಪ್ರಶ್ನೆ.

ನಮ್ಮ ಕಣ್ಣಿನ ನೆನಪಿನ ತಕ್ಷಣದ ಜಾಗ ಬಹಳ ಚಿಕ್ಕದು. 1960ರಲ್ಲಿ ಜಾರ್ಜ್ ಸ್ಪರ್ಲಿಂಗ್ ಅಕ್ಷರಗಳ ಸಾಲುಗಳನ್ನು ಮಿಂಚಿನ ಹಾಗೆ ತೋರಿಸಿ ಮರೆಮಾಡಿದ. ಹನ್ನೆರಡು ಅಕ್ಷರ ಕಂಡವರು ನಾಲ್ಕು ಅಥವಾ ಐದು ಹೇಳುತ್ತಿದ್ದರು. ಆದರೆ ಅಕ್ಷರ ಮರೆಯಾದ ತಕ್ಷಣ ಒಂದು ಸದ್ದು ಮಾಡಿ "ಈ ಸಾಲು ಮಾತ್ರ ಹೇಳಿ" ಅಂದರೆ ಯಾವ ಸಾಲಾದರೂ ಬಹುಪಾಲು ಹೇಳಿಬಿಡುತ್ತಿದ್ದರು. ಅಂದರೆ ಎಲ್ಲವೂ ಒಳಗೆ ಬಂದಿತ್ತು, ಹೇಳಿ ಮುಗಿಸುವಷ್ಟರಲ್ಲಿ ಕರಗಿ ಹೋಗುತ್ತಿತ್ತು. 1997ರಲ್ಲಿ ಲಕ್ ಮತ್ತು ವೋಗೆಲ್ ಬಣ್ಣದ ಚೌಕಗಳನ್ನು ತೋರಿಸಿ ಅಳೆದಾಗ, ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಲು ಆಗುವುದು ಸುಮಾರು ನಾಲ್ಕು ವಸ್ತು ಅಂತ ಕಂಡಿತು. ಬುದ್ಧಿವಂತ, ದಡ್ಡ ಅನ್ನುವ ಮಾತು ಇಲ್ಲಿ ಬೇಡ. ಎಲ್ಲರದ್ದೂ ಆಸುಪಾಸು ಅಷ್ಟೇ.

ಹಾಗಾದರೆ ಚೌಕಮಣೆ ಆಟದಲ್ಲಿ ಹತ್ತು ಹನ್ನೆರಡು ಮನೆ ನೆನಪಿಡುವ ಮಕ್ಕಳು ಏನು ಮಾಡುತ್ತಾರೆ? ನನ್ನ ತರಗತಿಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಆಡುವಾಗ ಪಕ್ಕದಲ್ಲಿ ಕೂತು ಕೇಳಿದೆ. "ಮಿಸ್, ಇಲ್ಲಿ ಒಂದು ಕುರ್ಚಿ ಇದೆ, ಅದರ ಮೇಲೆ ಬೆಕ್ಕಿನ ಕಿವಿ ಎರಡು, ಆಮೇಲೆ ಮೂಲೇಲಿ ಒಂಟಿ ಒಂದು" ಅಂದಳು. ಅವಳು ಹತ್ತು ಮನೆ ನೆನಪಿಟ್ಟಿರಲಿಲ್ಲ. ಮೂರು ಚಿತ್ರ ನೆನಪಿಟ್ಟಿದ್ದಳು. ಚದುರಂಗದ ಮೇಲೆ ಚೇಸ್ ಮತ್ತು ಸೈಮನ್ 1973ರಲ್ಲಿ ಮಾಡಿದ ಅಧ್ಯಯನದಲ್ಲೂ ಇದೇ ಕಂಡಿದ್ದು. ನಿಜವಾದ ಆಟದ ಮಧ್ಯದ ಮಣೆಯನ್ನು ಕೆಲವು ಸೆಕೆಂಡ್ ತೋರಿಸಿದರೆ ನುರಿತ ಆಟಗಾರ ಕಾಯಿಗಳನ್ನು ಹೆಚ್ಚುಕಮ್ಮಿ ಹಾಗೇ ಜೋಡಿಸುತ್ತಾನೆ. ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರೆ ಅವನೂ ಹೊಸಬನೂ ಒಂದೇ. ಅವನ ಕಣ್ಣಿಗೆ ಜಾಸ್ತಿ ಶಕ್ತಿ ಬಂದಿರಲಿಲ್ಲ, ಚದುರಂಗ ಚೆನ್ನಾಗಿ ಗೊತ್ತಿತ್ತು.

ನಮ್ಮಮ್ಮ ಮಂಡ್ಯ ಕಡೆಯ ಹಳ್ಳಿಯವರು. ಧನುರ್ಮಾಸ ಬಂತೆಂದರೆ ಈಗಲೂ ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ ಚುಕ್ಕಿ ರಂಗೋಲಿ ಬಿಡುತ್ತಾರೆ. ಮಧ್ಯದ ಸಾಲಿಗೆ ಹದಿನೈದು ಚುಕ್ಕಿ, ಮೇಲೆ ಕೆಳಗೆ ಸಂದು ಚುಕ್ಕಿ ಇಡುತ್ತಾ ಎಂಟಕ್ಕೆ ನಿಲ್ಲಿಸುತ್ತಾರೆ. ಲೆಕ್ಕ ಹಾಕಿದರೆ 169 ಚುಕ್ಕಿ. ಪುಸ್ತಕ ಇಲ್ಲ, ಫೋನ್ ಇಲ್ಲ. ನಾನು ಒಮ್ಮೆ ಪಕ್ಕದಲ್ಲಿ ಕೂತು ಅವರ ಕೈಯನ್ನೇ ನೋಡಿದೆ. ನಡುವಿನ ಚುಕ್ಕಿಯ ಸುತ್ತ ಮೊದಲು ಒಂದು ಎಸಳು ಬಿಡಿಸಿದರು. ಆ ಎಸಳಿನ ತುದಿಯಿಂದ ಅಂಚಿನವರೆಗೆ ಒಂದು ಬಳ್ಳಿ. ಅಲ್ಲಿಗೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಒಂದು ಸಲ ನೋಡಿದರು. ಆಮೇಲೆ ರಂಗೋಲಿಯ ಸುತ್ತ ತಾವೇ ಒಂದೊಂದು ಹೆಜ್ಜೆ ಸರಿಯುತ್ತಾ, ಅದೇ ಎಸಳು, ಅದೇ ಬಳ್ಳಿಯನ್ನು ಆರು ಕಡೆ ಹಾಕಿದರು. ಕೈ ಎಲ್ಲೂ ತಡೆಯಲಿಲ್ಲ. ಇಷ್ಟೊಂದು ಹೇಗಮ್ಮಾ ನೆನಪಿರುತ್ತೆ ಅಂದರೆ, "ಎಲ್ಲಾನೂ ಯಾಕವ್ವ ನೆಪ್ಪು ಮಡಿಕೋಬೇಕು? ಒಂದು ಮಗ್ಗುಲು ನೆಪ್ಪಿದ್ರೆ ಸಾಕು, ಮಿಕ್ಕಿದ್ದೂ ಹಂಗೇಯ" ಅಂದರು. ಅಮ್ಮನ ತಲೆಯಲ್ಲಿ ಇದ್ದದ್ದು ಆರರಲ್ಲಿ ಒಂದು ಪಾಲು, ಮತ್ತೆ ಅದನ್ನು ತಿರುಗಿಸುವ ನಿಯಮ. ಕುರ್ಚಿ, ಬೆಕ್ಕಿನ ಕಿವಿ ಅಂದ ಹುಡುಗಿ ಮಾಡಿದ್ದೂ ಅದನ್ನೇ.

ಈಗ ಆಟಗಳ ವಿಷಯಕ್ಕೆ ಬರುತ್ತೇನೆ. ದಿನಾ ಆಡಿದರೆ ಚೌಕಮಣೆ ಆಟದಲ್ಲಿ ಅಂಕ ಏರುತ್ತದೆ. ಆದರೆ ಆ ಏರಿಕೆ ಬೇರೆ ಕೆಲಸಕ್ಕೆ ದಾಟಿ ಹೋಗುತ್ತದಾ? ಬ್ರಿಟನ್ನಿನಲ್ಲಿ ಬಿಬಿಸಿ ಜೊತೆ ಸೇರಿ ಏಡ್ರಿಯನ್ ಓವೆನ್ ತಂಡ ಇದನ್ನು ದೊಡ್ಡದಾಗಿ ಪರೀಕ್ಷಿಸಿತು. 11,430 ಜನ ಆರು ವಾರ ಆನ್‌ಲೈನಿನಲ್ಲಿ ಮಿದುಳಿನ ವ್ಯಾಯಾಮ ಅನ್ನುವ ಆಟಗಳನ್ನು ಆಡಿದರು. 2010ರಲ್ಲಿ ಫಲಿತಾಂಶ ಬಂತು. ಆಡಿದ ಆಟದಲ್ಲಿ ಎಲ್ಲರೂ ಮುಂದೆ ಹೋಗಿದ್ದರು. ಆಡದೇ ಇದ್ದ ಪರೀಕ್ಷೆಗಳಲ್ಲಿ, ಅದೇ ಜಾತಿಯ ಪರೀಕ್ಷೆಗಳಲ್ಲೂ, ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಅಮೆರಿಕದಲ್ಲಿ 65 ದಾಟಿದ 2,832 ಜನರ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲೇ ಬಂದಿತ್ತು. ಅಲ್ಲೂ ನೆನಪಿನ ತರಬೇತಿ ಪಡೆದವರು ನೆನಪಿನ ಪರೀಕ್ಷೆಯಲ್ಲಿ, ವೇಗದ ತರಬೇತಿ ಪಡೆದವರು ವೇಗದ ಪರೀಕ್ಷೆಯಲ್ಲಿ ಮುಂದೆ ಬಂದರು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಲುಮೋಸಿಟಿ ಅನ್ನುವ ಹೆಸರುವಾಸಿ ಆಟಗಳ ಕಂಪನಿ ಶಾಲೆ, ಕೆಲಸ, ಮುಪ್ಪಿನ ಮರೆವು ಎಲ್ಲಕ್ಕೂ ಲಾಭ ಅಂತ ಜಾಹೀರಾತು ಕೊಟ್ಟಿತ್ತು. ಅದಕ್ಕೆ ತಕ್ಕ ಪುರಾವೆ ಇಲ್ಲ ಅಂತ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ಆರೋಪ ಹೊರಿಸಿತು. 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು.

ಇಷ್ಟು ಓದಿದ ಮೇಲೆ ಆಟ ಬೇಡ ಅಂತ ನಾನು ಹೇಳುವುದಿಲ್ಲ. ಐದು ನಿಮಿಷದ ಚೌಕಮಣೆ ಆಟ ಮಗುವಿಗೆ ಒಂದು ಮುಖ್ಯ ವಿಷಯ ತೋರಿಸಿಕೊಡುತ್ತದೆ. ಸುಮ್ನೆ ನೋಡಿದರೆ ನಾಲ್ಕಕ್ಕೆ ನಿಲ್ಲುತ್ತೇನೆ, ಆಕಾರ ಹುಡುಕಿ ನೋಡಿದರೆ ಹತ್ತಕ್ಕೆ ಹೋಗುತ್ತೇನೆ ಅಂತ ಅದಕ್ಕೇ ಗೊತ್ತಾಗುತ್ತದೆ. ಆ ಅರಿವನ್ನು ಫೋನಿನಿಂದ ಆಚೆ ತಂದು ಪಾಠಕ್ಕೆ, ಚಿತ್ರಕ್ಕೆ, ದಾರಿಗೆ ಹಚ್ಚಬೇಕು. ಆ್ಯಪ್ ಅದನ್ನು ಮಾಡುವುದಿಲ್ಲ. ಪಕ್ಕದಲ್ಲಿ ಕೂತ ದೊಡ್ಡವರು ಮಾಡಬೇಕು.

ನಮ್ಮ ಊರಿನಲ್ಲಿ ಇದು ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಗಂಜೀಫಾ ಎಲೆಗಳ ಆಟ ಎಷ್ಟು ಬೆಳೆಯಿತು ಅಂದರೆ, ಅವರ ಕಾಲದ ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ 36 ಎಲೆಯಿಂದ 360 ಎಲೆಯವರೆಗಿನ ಆಟಗಳ ವಿವರ ಇದೆ. ದಶಾವತಾರದ ಗಂಜೀಫಾದಲ್ಲಿ 120 ದುಂಡನೆಯ ಎಲೆ, ಹತ್ತು ಅವತಾರಕ್ಕೆ ಹನ್ನೆರಡರಂತೆ. ಯಾರು ಯಾವ ಎಲೆ ಇಳಿಸಿದರು, ಯಾವ ದೊಡ್ಡ ಎಲೆ ಇನ್ನೂ ಕೈಯಲ್ಲಿ ಉಳಿದಿದೆ ಅಂತ ನೆನಪಿಟ್ಟವನೇ ಗೆಲ್ಲುವುದು. ಎಲೆ ಮೇಲಿನ ಮತ್ಸ್ಯ, ಕೂರ್ಮ, ವರಾಹ ಎಲ್ಲರಿಗೂ ಗೊತ್ತಿರುವ ಕಥೆಯವು, ಹಾಗಾಗಿ ಚಿತ್ರಕ್ಕೆ ಮನಸ್ಸಿನಲ್ಲಿ ಕೂರಲು ಜಾಗ ಮೊದಲೇ ಸಿದ್ಧ ಇರುತ್ತದೆ. ಎಂಟು ಜನರ ಪ್ರಶ್ನೆಗಳನ್ನು ಅವಧಾನಿ ಒಬ್ಬರೇ ಒಟ್ಟಿಗೆ ನಿಭಾಯಿಸುವ ಅಷ್ಟಾವಧಾನದಲ್ಲಿ ಸಂಖ್ಯಾಬಂಧ ಅಂತ ಒಂದು ಭಾಗ ಇದೆ. ಐದಕ್ಕೆ ಐದು, 25 ಮನೆ. ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಬೇರೆ ಪ್ರಶ್ನೆಗಳ ನಡುವೆ ಯಾವಾಗ ಬೇಕಾದರೂ "ಮೂರನೇ ಸಾಲಿನ ನಾಲ್ಕನೇ ಮನೆ" ಅಂತ ಕೇಳುತ್ತಾರೆ. ಅವಧಾನಿ ಕಾಗದ ಮುಟ್ಟದೆ ಅಂಕಿ ಹೇಳಬೇಕು. ಕೊನೆಗೆ ಯಾವ ಕಡೆಯಿಂದ ಕೂಡಿದರೂ ಮೊದಲೇ ಕೊಟ್ಟ ಮೊತ್ತ ಬರಬೇಕು. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡುವ ಅವಕಾಶ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಪದ್ಯ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಚೌಕ ತುಂಬುವುದನ್ನು ನೋಡಲಿ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ದಾರಿಯನ್ನು. ಗೊತ್ತಿರುವ ಒಂದು ದಾರಿಯ ಒಂದೊಂದು ಜಾಗದಲ್ಲಿ ನೆನಪಿಡಬೇಕಾದ ಒಂದೊಂದು ವಸ್ತುವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಹೋಗುವುದು. ಪ್ರಾಚೀನ ಗ್ರೀಕರ ಕಾಲದಿಂದ ಇರುವ ವಿಧಾನ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನು ಸಾಮಾನ್ಯ ಜನಕ್ಕೆ ದಿನಕ್ಕೆ ಅರ್ಧ ಗಂಟೆ, ಸುಮಾರು ಆರು ವಾರ ಕಲಿಸಿದರು. 72 ಪದಗಳ ಪಟ್ಟಿಯಲ್ಲಿ ಮೊದಲು ಮೂವತ್ತರ ಆಸುಪಾಸು ಹೇಳುತ್ತಿದ್ದವರು ಆಮೇಲೆ ಅರವತ್ತು ದಾಟಿದರು. ನಾಲ್ಕು ತಿಂಗಳ ನಂತರವೂ ಆ ಲಾಭ ಉಳಿದಿತ್ತು.

ಮೈಸೂರಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆ ದಾರಿ ಎಲ್ಲಿ ಸಿಗುತ್ತದೆ? ಜಂಬೂ ಸವಾರಿ ಹೋಗುವ ದಾರಿ ಇದೆಯಲ್ಲ! ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್, ಎಲ್ಲರಿಗೂ ಬಾಯಿಪಾಠ. ಹತ್ತನೇ ಕ್ಲಾಸಿನ ಮಕ್ಕಳಿಗೆ ಲೋಹಗಳ ಕ್ರಿಯಾಶೀಲತೆಯ ಸರಣಿ, ಅಂದರೆ ತುಂಬಾ ಚುರುಕಾಗಿ ಪ್ರತಿಕ್ರಿಯಿಸುವ ಲೋಹದಿಂದ ಹಿಡಿದು ಅತಿ ಕಡಿಮೆ ಪ್ರತಿಕ್ರಿಯಿಸುವ ಲೋಹದವರೆಗಿನ ಪಟ್ಟಿ, ತಲೆಗೆ ಹತ್ತುತ್ತಿರಲಿಲ್ಲ. ಒಂದು ಭಾನುವಾರ ಹಾಳೆಯ ಮೇಲೆ ದಾರಿ ಬರೆಸಿ, ಅದರ ಮೇಲೆ ಲೋಹ ಇಡಿಸಿದೆ. ಅರಮನೆಯ ಬಾಗಿಲಲ್ಲೇ ನೀರಿನ ತೊಟ್ಟಿ, ಅದರೊಳಗೆ ಹೊತ್ತಿ ಉರಿಯುವ ಪೊಟ್ಯಾಸಿಯಂ. ಚಾಮರಾಜ ವೃತ್ತದಲ್ಲಿ ಉಪ್ಪಿನ ಗುಡ್ಡೆ, ಅದು ಸೋಡಿಯಂ. ಕೆ.ಆರ್. ವೃತ್ತದ ಮಂಟಪಕ್ಕೆ ಹೊಸದಾಗಿ ಸುಣ್ಣ ಬಳಿದಿದ್ದಾರೆ, ಅದು ಕ್ಯಾಲ್ಸಿಯಂ. ಚಿಕ್ಕ ಗಡಿಯಾರದ ತುದಿಯಲ್ಲಿ ಕಣ್ಣು ಕುಕ್ಕುವ ಬಿಳಿ ಬೆಳಕು, ಮೆಗ್ನೀಸಿಯಂ. ದೇವರಾಜ ಮಾರುಕಟ್ಟೆಯ ಬಾಗಿಲಿಗೆ ಅಲ್ಯೂಮಿನಿಯಂ ಪಾತ್ರೆ ಹೇರಿಕೊಂಡ ಗಾಡಿ ಅಡ್ಡ ನಿಂತಿದೆ. ಹೀಗೆ ಸಯ್ಯಾಜಿರಾವ್ ರಸ್ತೆ ಹಿಡಿದು ಸತು, ಕಬ್ಬಿಣ, ಸೀಸ. ಆಯುರ್ವೇದ ಕಾಲೇಜು ವೃತ್ತದಲ್ಲಿ ಕಷಾಯ ಕುದಿಯುವ ತಾಮ್ರದ ಹಂಡೆ. ಬಂಬೂ ಬಜಾರಿನಲ್ಲಿ ಬಿದಿರ ಕೊಳವೆಯಿಂದ ಪಾದರಸ ಸೋರುತ್ತಿದೆ. ಹೈವೇ ವೃತ್ತದಲ್ಲಿ ಬೆಳ್ಳಿ. ಕೊನೆಗೆ ಯಾವುದಕ್ಕೂ ಬಗ್ಗದ ಚಿನ್ನ ಎಲ್ಲಿ ಅಂದಾಗ ಎಲ್ಲರೂ ಒಟ್ಟಿಗೇ ಕೂಗಿದರು, ಬನ್ನಿಮಂಟಪ! ಬನ್ನಿ ಎಲೆಯನ್ನು ಬಂಗಾರ ಅಂತ ಹಂಚುವುದು ಗೊತ್ತಲ್ಲ, ಚಿನ್ನದ ಅಂಬಾರಿ ಹೋಗಿ ಸೇರುವುದೂ ಅಲ್ಲಿಗೇ. ಆಮೇಲೆ ಅವರು ಸರಣಿಯನ್ನು ಹಿಂದುಮುಂದು ಎರಡೂ ಕಡೆಯಿಂದ ಹೇಳತೊಡಗಿದರು. ಅಂಬಾರಿ ವಾಪಸ್ ಬಂದ ಹಾಗೆ ಹೇಳಬೇಕು ಅಷ್ಟೇ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಚಿತ್ರ ಉಳಿಸಿಕೊಳ್ಳುವುದರಲ್ಲಿ ನಮ್ಮ ತಲೆ ಬಡವಾಗಿಲ್ಲ. ತಕ್ಷಣದ ಜಾಗ ನಾಲ್ಕೇ ಇರಬಹುದು. ಒಳಗಿನ ಉಗ್ರಾಣ ಬಹಳ ದೊಡ್ಡದು. 2008ರಲ್ಲಿ ಟಿಮೊಥಿ ಬ್ರೇಡಿ ಮತ್ತು ಜೊತೆಯವರು ಒಂದೇ ದಿನ 2,500 ವಸ್ತುಗಳ ಚಿತ್ರ ತೋರಿಸಿ, ಆಮೇಲೆ ಜೋಡಿ ಜೋಡಿಯಾಗಿ ಇಟ್ಟು ಯಾವುದನ್ನು ನೋಡಿದ್ದಿರಿ ಅಂತ ಕೇಳಿದರು. ಹತ್ತರಲ್ಲಿ ಒಂಬತ್ತು ಸಲ ಜನ ಸರಿಯಾಗಿ ಹೇಳಿದರು. ದೊಡ್ಡ ಗಡಿಯಾರದ ಅಂಕಿ ಮರೆಯುವುದೂ ಇದೇ ತಲೆ. ವ್ಯತ್ಯಾಸ ಇಷ್ಟೇ, ಪ್ರಯೋಗಕ್ಕೆ ಬಂದವರು ಒಂದೊಂದು ಚಿತ್ರವನ್ನೂ ನೆನಪಿಡಬೇಕು ಅಂತಲೇ ನೋಡಿದ್ದರು.

ಫೋಟೊ ತೆಗೆಯುವ ಅಭ್ಯಾಸ ಇದಕ್ಕೆ ಅಡ್ಡ ಬರುತ್ತದೆ. ಲಿಂಡಾ ಹೆಂಕೆಲ್ 2014ರಲ್ಲಿ ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯ ಸುತ್ತಿಸಿದರು. ಫೋಟೊ ತೆಗೆದ ವಸ್ತುಗಳಿಗಿಂತ ಬರೀ ಕಣ್ಣಿನಲ್ಲಿ ನೋಡಿದವೇ ಜಾಸ್ತಿ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದವರ ನೆನಪು ಕುಂದಲಿಲ್ಲ. ಜಗನ್ಮೋಹನ ಅರಮನೆಗೆ ಹೋದಾಗ ನಾನು ಮಕ್ಕಳಿಗೆ ಫೋನ್ ಕೊಡುವುದಿಲ್ಲ, ಪೆನ್ಸಿಲ್ ಕೊಡುತ್ತೇನೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ, ಒಂದು ಪದವನ್ನು ಮತ್ತೆ ಮತ್ತೆ ಬರೆಯುವುದಕ್ಕಿಂತ ಅದರ ಚಿತ್ರ ಬಿಡಿಸಿದರೆ ನೆನಪು ಚೆನ್ನಾಗಿ ನಿಲ್ಲುತ್ತದೆ. ಚಿತ್ರ ಚೆಂದ ಬರಬೇಕೆಂದೇನೂ ಇಲ್ಲ.

ಎಸೆಸೆಲ್ಸಿ ಮಕ್ಕಳ ಪೋಷಕರು ಇದೊಂದನ್ನು ದಯವಿಟ್ಟು ಮಾಡಿಸಿ. ಹೃದಯದ ಒಳರಚನೆಯ ಚಿತ್ರವನ್ನು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹತ್ತು ಸಲ ನಕಲು ಮಾಡಿಸಬೇಡಿ. ಒಂದು ನಿಮಿಷ ನೋಡಲಿ. ನಾಲ್ಕು ಕೋಣೆ, ಎಡಗಡೆಯ ಗೋಡೆ ದಪ್ಪ, ಯಾಕೆ ದಪ್ಪ ಅಂದರೆ ಇಡೀ ಮೈಗೆ ರಕ್ತ ತಳ್ಳಬೇಕು. ಪುಸ್ತಕ ಮುಚ್ಚಿ ಬರೆಯಲಿ. ತಪ್ಪೋ ಸರಿಯೋ, ಬರೆದು ಮುಗಿಸಲಿ. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಲಿ. ಮಾರನೇ ದಿನ ಮತ್ತೆ ಒಂದು ಸಲ, ವಾರದ ಮೇಲೆ ಇನ್ನೊಂದು ಸಲ. ಮೊದಲ ದಿನ ಕವಾಟಗಳೆಲ್ಲ ಕೆಂಪಿನಲ್ಲಿರುತ್ತವೆ. ವಾರ ಕಳೆಯುವ ಹೊತ್ತಿಗೆ ಕೆಂಪು ಎಲ್ಲೋ ಒಂದೆರಡು ಕಡೆ ಉಳಿದಿರುತ್ತದೆ. ಮಗುವಿಗೆ ಇದು ಕಣ್ಣಾರೆ ಕಾಣುತ್ತದೆ, ಅದರಿಂದ ಬರುವ ಧೈರ್ಯಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಕೆಲವರಿಗೆ ಕಣ್ಣು ಮುಚ್ಚಿದರೆ ಯಾವ ಚಿತ್ರವೂ ಮೂಡುವುದಿಲ್ಲ. ಅಮ್ಮನ ಮುಖವೂ ಮೂಡುವುದಿಲ್ಲ. ಬ್ರಿಟನ್ನಿನ ಆಡಮ್ ಝೀಮನ್ 2015ರಲ್ಲಿ ಇದಕ್ಕೆ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟರು. ಇದು ಕಾಯಿಲೆ ಅಲ್ಲ. ಅಂಥವರು ಚೆನ್ನಾಗಿ ಓದುತ್ತಾರೆ, ಕೆಲಸ ಮಾಡುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. "ಕಣ್ಣು ಮುಚ್ಚಿ ಕಲ್ಪಿಸಿಕೋ" ಅಂದಾಗ ಮಗು ಸುಮ್ಮನೆ ಕೂತರೆ ಗದರಬೇಡಿ. ಅದಕ್ಕೆ ಮಾತಿನಲ್ಲಿ, ಕೈಯಲ್ಲಿ, ನಡೆದು ತೋರಿಸಿ ಕಲಿಸಬಹುದು.

ಇನ್ನು ಎರಡು ಮಾತು, ಎರಡೂ ತಡ ಮಾಡಬಾರದ್ದು. ಮನೆಯ ಹಿರಿಯರು ಗೊತ್ತಿರುವ ದಾರಿಯನ್ನೇ ತಪ್ಪುತ್ತಿದ್ದರೆ, ಪರಿಚಯದ ಮುಖ ಗುರುತು ಹಿಡಿಯದಿದ್ದರೆ, ಫೋನಿಗೆ ಆಟ ಹಾಕಿಕೊಟ್ಟು ಸಮಾಧಾನ ಮಾಡಿಕೊಳ್ಳಬೇಡಿ, ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಹಾಗೇ, ಬೋರ್ಡ್ ನೋಡಿ ಬರೆಯುವಾಗ ಮಗು ಪದೇ ಪದೇ ಸಾಲು ಬಿಡುತ್ತಿದ್ದರೆ, ಅದಕ್ಕೆ ನೆನಪಿನ ಶಕ್ತಿ ಕಡಿಮೆ ಅನ್ನುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ನನ್ನ ತರಗತಿಯಲ್ಲೇ ಇಂಥ ಮಕ್ಕಳನ್ನು ಕಂಡಿದ್ದೇನೆ. ಕನ್ನಡಕ ಬಂದ ಮೇಲೆ ಅವರು ಸಾಲು ಬಿಡುವುದು ನಿಂತಿತು.